ಎರಡೂವರೆ ಕೆಜಿ ಗಾಂಜಾ: ತೂಗಿದ್ದು ಏನನ್ನು?

ಪ್ರಶ್ನೆ: ದಾವಣಗೆರೆ ಬಸ್ ನಿಲ್ದಾಣದಲ್ಲಿ ತಮ್ಮನ ಬ್ಯಾಗಿನಲ್ಲಿ ಎರಡೂವರೆ ಕೆಜಿ ಗಾಂಜಾ ಸಿಕ್ಕಿತೆಂದು ಕೇಸಾಗಿದೆ. ಜಾಮೀನು ಸಿಗುವುದೇ ಇಲ್ಲವಂತೆ, ನಿಜವೇ?
– ಓದುಗರು, ಹರಿಹರ

ಉತ್ತರ: ಅರ್ಧಸತ್ಯ. ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆಯ 37ನೇ ಕಲಮು ಜಾಮೀನಿಗೆ ಹಾಕುವ ಬಿಗಿ ಷರತ್ತು ಬರುವುದು ಗಾಂಜಾ 20 ಕೆಜಿ ಮೀರಿದಾಗ; ಆಗ ಶಿಕ್ಷೆ 10ರಿಂದ 20 ವರ್ಷ. ನಿಮ್ಮದು ನಡುವಿನ ಪ್ರಮಾಣ: 10 ವರ್ಷದವರೆಗೆ ಸಜೆ, 1 ಲಕ್ಷದವರೆಗೆ ದಂಡ.

ಪಂಚನಾಮೆಯ (ಜಪ್ತಿ ವೇಳೆ ಸಾಕ್ಷಿಗಳೆದುರು ಬರೆದ ವರದಿ) ಪ್ರತಿ ತೆಗೆಸಿ, ತೂಕದ ಸಾಲು ಓದಿ. ಕಾಯ್ದೆಯ ಲೆಕ್ಕದಲ್ಲಿ ಗಾಂಜಾ ಎಂದರೆ ಹೂ, ಕಾಯಿ ಬಿಟ್ಟ ತುದಿ. ತುದಿಯಿಲ್ಲದ ಬರೀ ಎಲೆ, ಬೀಜ ಗಾಂಜಾ ಅಲ್ಲ. ಬೇರು, ಕಾಂಡ ಸೇರಿಸಿ ತೂಗಿದ್ದರೆ ವಾದಕ್ಕೆ ದಾರಿಯಿದೆ. ಸ್ಯಾಂಪಲ್ ಮ್ಯಾಜಿಸ್ಟ್ರೇಟರ ಎದುರು ತೆಗೆದರೇ ಎಂದೂ ನೋಡಿ (52ಎ ಕಲಮು). ತಪಾಸಣೆಯ ಕ್ರಮ ಹೇಳುವ 50ನೇ ಕಲಮನ್ನಂತೂ ನೆಚ್ಚಬೇಡಿ, ಅದು ಮೈ ತಪಾಸಣೆಗೆ, ಬ್ಯಾಗಿಗಲ್ಲ. 60 ದಿನದೊಳಗೆ ಚಾರ್ಜ್‌ಶೀಟ್ ಬಾರದಿದ್ದರೆ ಮರುದಿನವೇ ಜಾಮೀನು ಅರ್ಜಿ ಹಾಕಿಸಿ. ಅರ್ಜಿಗೆ ಮೊದಲೇ ಚಾರ್ಜ್‌ಶೀಟ್ ಬಂದರೆ, ತಡವಾದ ಕಾರಣಕ್ಕೆ ಸಿಗುವ ಆ ಜಾಮೀನಿನ ಹಕ್ಕು ಹೋಯಿತು.