ಗಂಗಾವತಿ ಹುಡುಗರ ಮೊದಲ ಆಲ್ಬಂ ಶೋ: ಆ ಶವಪೆಟ್ಟಿಗೆ ಬಿಟ್ಟುಬಿಡ್ರಪ್ಪಾ

ಗಂಗಾವತಿ ಹುಡುಗರೇ, ನಿಮ್ಮ ಮೊದಲ ಶೋ ಬಗ್ಗೆ ಈ ಗುಂಪಿನಲ್ಲಿ ಹಾಕಿದ ಪೋಸ್ಟ್ ಎರಡು ಸಲ ಓದಿದೆ. ಒಂಬತ್ತು ಹಾಡಿನ ಡಾರ್ಕ್ ಪಾಪ್ ರಾಕ್ ಆಲ್ಬಂ, ಒಟ್ಟು 52 ನಿಮಿಷ. ಏಪ್ರಿಲ್‌ನಲ್ಲಿ ಕಲ್ಯಾಣ ಮಂಟಪ ಹಿಡಿದು ಮೊದಲ ಶೋ. ಆಲ್ಬಂನಲ್ಲಿ ಇರುವ ಸಾಲಿನಲ್ಲೇ ಎಲ್ಲ ಹಾಡು, ಮೂರನೇ ಹಾಡಿಗೆ ಗಾಯಕ ಶವಪೆಟ್ಟಿಗೆಯಿಂದ ಎದ್ದು ಬರುವುದು, ಎರಡು ಹೊಗೆ ಮಷಿನ್, ಕೊನೆಗೆ ಕೋಲ್ಡ್ ಪೈರೊ, ಅಂದರೆ ಕಿಡಿಯ ಕಾರಂಜಿ. ಓದುತ್ತಾ ಮೈ ಜುಮ್ಮೆಂದಿತು. ಖುಷಿಗೆ ಅಲ್ಲ. ಬಳ್ಳಾರಿಯಲ್ಲಿ ನಮ್ಮ ಬ್ಯಾಂಡ್ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ನಮ್ಮದೂ ಶವಪೆಟ್ಟಿಗೆ. ನಮ್ಮದೂ ಮೂರನೇ ಹಾಡು.

ಆಲ್ಬಂನ ಮಿಕ್ಸ್ (ಸದ್ದುಗಳ ಹೊಂದಾಣಿಕೆ) ಬಗ್ಗೆ ಮೇಲಿನ ಕಾಮೆಂಟ್‌ಗಳಲ್ಲಿ ಹತ್ತು ಜನ ಹೇಳಿದ್ದಾರೆ, ನಾನು ಮತ್ತೆ ಹೇಳುವುದಿಲ್ಲ. ಲೌಡ್‌ನೆಸ್‌ಗಾಗಿ ಜಗಳ ಆಡಬೇಡಿ ಅಷ್ಟೆ. ನೀವು ಎಷ್ಟೇ ಹಿಂಡಿ ಕೊಟ್ಟರೂ ಸ್ಪಾಟಿಫೈ ಅದನ್ನು ಮೈನಸ್ 14 ಎಲ್‌ಯುಎಫ್‌ಎಸ್ (ಸದ್ದಿನ ಜೋರು ಅಳೆಯುವ ಮಾಪನ) ಹತ್ತಿರ ಸಾಮಾನ್ಯವಾಗಿ ತಗ್ಗಿಸಿಯೇ ಕೇಳಿಸುತ್ತದೆ. ಡ್ರಮ್ಮಿನ ಪೆಟ್ಟು ಹೋಗುವುದು ಮಾತ್ರ ಲಾಭ.

ನಮ್ಮ ಪೆಟ್ಟಿಗೆ ಕಥೆ ಕೇಳಿ. 19 ಎಂಎಂ ಪ್ಲೈವುಡ್, ಆರೂಕಾಲು ಅಡಿ ಉದ್ದ. ಹೊರಲು ನಾಲ್ಕು ಜನ ಬೇಕು. ಸಭಾಂಗಣದ ಪಕ್ಕದ ಬಾಗಿಲು ಎರಡೂವರೆ ಅಡಿ. ಒಳಗೆ ಬಂತು, ಆದರೆ ಓರೆ ಮಾಡಿ, ಗೋಡೆ ಸುಣ್ಣ ಉದುರಿಸಿಕೊಂಡು. ಎರಡನೇ ಹಾಡು ಮುಗಿಯಿತು, ಲೈಟ್ ಆಫ್. ಆ ಕತ್ತಲಲ್ಲಿ ಪೆಟ್ಟಿಗೆ ಬರಬೇಕು, ಗಾಯಕ ಒಳಗೆ ಮಲಗಬೇಕು, ಮೂರನೇ ಹಾಡಿಗೆ ಗಿಟಾರ್ ತಂತಿ ಸಡಿಲಿಸಿ ಶ್ರುತಿ ತಗ್ಗಿಸುವ ಡ್ರಾಪ್ ಸಿ ಟ್ಯೂನಿಂಗ್‌ಗೆ ಇಳಿಯಬೇಕು. ರಿಹರ್ಸಲ್‌ನಲ್ಲಿ ಇದನ್ನು ಒಮ್ಮೆಯೂ ಮಾಡಿರಲಿಲ್ಲ. ಹಾಡು ಮಾತ್ರ ನೂರು ಸಲ ಬಾರಿಸಿದ್ದೆವು. ಆವತ್ತು ನಾಲ್ಕು ನಿಮಿಷ ಹಿಡಿಯಿತು. ಮೊದಲ ನಿಮಿಷ ಜನ ಉಸಿರು ಹಿಡಿದು ಕೂತರು. ಎರಡನೇ ನಿಮಿಷಕ್ಕೆ ಮೊಬೈಲ್ ಟಾರ್ಚ್ ಬಂದವು. ಆ ಬೆಳಕಲ್ಲಿ ನಾಲ್ಕು ಜನ ಪೆಟ್ಟಿಗೆ ಹೊತ್ತು ನಿಂತದ್ದು ಕಂಡಿತು. ಹಿಂದಿನಿಂದ ಒಬ್ಬ ಕೂಗಿದ, "ಯಾರ್ ಹೋದ್ರಪ್ಪಾ?" ಅಲ್ಲಿಗೆ ಮುಗಿಯಿತು. ಪೆಟ್ಟಿಗೆ ತೆರೆದಾಗ ನಮ್ಮ ಗಾಯಕ ಬೆವರಿ ಮುಖದ ಬಿಳಿ ಬಣ್ಣ ಕುತ್ತಿಗೆಗೆ ಇಳಿದಿತ್ತು. ಜನ ಹೆದರಲಿಲ್ಲ, ಅಯ್ಯೋ ಪಾಪ ಅಂದರು.

ಶೋ ಮುಗಿದ ಮೇಲೆ ಒಬ್ಬ ವಯಸ್ಸಾದವರು ಬಂದರು. ಹಿಂದೆ ಕಂಪನಿ ನಾಟಕದಲ್ಲಿ ಪರದೆ ಎಳೆಯುತ್ತಿದ್ದವರು. ಹಾಡಿನ ಬಗ್ಗೆ ಒಂದು ಮಾತೂ ಆಡಲಿಲ್ಲ. "ಹಿಂದೆ ಅರಮನೆ ಜೋಡಿಸುವಾಗ ಮುಂದೆ ಯಾರನ್ನ ಬಿಟ್ಟಿದ್ರಿ?" ಅಂತ ಕೇಳಿದರು. ನನಗೆ ಅರ್ಥ ಆಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಕಂಪನಿ ನಾಟಕದಲ್ಲಿ ಒಂದು ದೃಶ್ಯ ಆಳವಾದದ್ದು, ಅರಮನೆ, ದರ್ಬಾರು. ಮುಂದಿನದು ಮುಂದಿನ ಪರದೆ ಬಿಟ್ಟು ಆಡುವ ರಸ್ತೆ ದೃಶ್ಯ. ಜನ ರಸ್ತೆಯಲ್ಲಿ ಹಾಸ್ಯದವನನ್ನು ನೋಡಿ ನಗುತ್ತಿರುವಾಗ ಹಿಂದೆ ಸದ್ದಿಲ್ಲದೆ ಕಾಡು ಎದ್ದು ನಿಲ್ಲುತ್ತದೆ. ಬಳ್ಳಾರಿ ರಾಘವರು, ಸುಭದ್ರಮ್ಮ ಮನ್ಸೂರರಂಥ ರಂಗಕಲಾವಿದರು ಬಾಳಿದ ಊರಲ್ಲಿ ಕೂತುಕೊಂಡು ನಾವು ನಾಟಕೀಯ ಶೋ ಕಲಿಯಲು ಯೂಟ್ಯೂಬ್ ನೋಡಿದ್ದೆವು. ನಾಚಿಕೆಯಾಯಿತು.

ಅವತ್ತಿನಿಂದ ನನ್ನದು ಒಂದೇ ಹುಚ್ಚು: ಸಂದಿನ ಹಾಳೆ. ಹಾಡಿನ ಪಟ್ಟಿ ಎಲ್ಲರೂ ಬರೆಯುತ್ತಾರೆ. ನಾನು ಹಾಡು ಹಾಡಿನ ನಡುವಿನ ಸಂದು ಬರೆಯುತ್ತೇನೆ. ಎಷ್ಟು ಸೆಕೆಂಡ್, ಯಾರು ಎಲ್ಲಿಂದ ಎಲ್ಲಿಗೆ ಹೋಗಬೇಕು, ಯಾವ ಲೈಟ್ ಉಳಿಯಬೇಕು, ಆಗ ಕೇಳಿಸುವ ಸದ್ದು ಯಾವುದು. ನಮ್ಮಲ್ಲಿ 20 ಸೆಕೆಂಡ್ ದಾಟಿದರೆ ಆ ಸಂದಿಗೆ ಒಬ್ಬ ಮನುಷ್ಯ ಬೇಕು, ಅಂದರೆ ಮುಂದೆ ನಿಂತು ಏನಾದರೂ ಮಾಡುವವನು. ಕೀಬೋರ್ಡ್‌ನವನು ಮುಂದಿನ ಹಾಡಿನ ಶ್ರುತಿಯಲ್ಲಿ ಒಂದು ಪ್ಯಾಡ್, ಅಂದರೆ ಎಳೆದ ಮೆತ್ತನೆಯ ಸ್ವರ, ಹಿಡಿದುಕೊಂಡೇ ಇರಬೇಕು, ಬಿಡಬಾರದು. ಗಿಟಾರ್ ಟ್ಯೂನರ್ ಪೆಡಲ್‌ನಲ್ಲಿ ಮ್ಯೂಟ್ ಆಗಿರಬೇಕು. ಟುಯ್ ಟುಯ್ ಸದ್ದು ಹೊರಗೆ ಬಂದರೆ ನಿಮ್ಮ ಪಿಶಾಚಿ ಸತ್ತಂತೆ. ಇನ್ನೂ ಒಳ್ಳೇದು, ಡ್ರಾಪ್ ಸಿ ಹಾಡುಗಳಿಗೆ ಬೇರೆ ಗಿಟಾರ್ ಇಡಿ. ಸ್ನೇಹಿತರ ಹತ್ರ ಸಾಲ ತನ್ನಿ. ವಾರಕ್ಕೆ ಒಂದು ದಿನ ಹಾಡು ಬಾರಿಸಲೇಬೇಡಿ. ಪ್ರತಿ ಹಾಡಿನ ಕೊನೆಯ ನಾಲ್ಕು ಬಾರ್ (ತಾಳದ ಆವರ್ತ), ಸಂದು, ಮುಂದಿನದರ ಮೊದಲ ನಾಲ್ಕು ಬಾರ್, ಇಷ್ಟೇ. ಅದೂ ಕತ್ತಲಲ್ಲಿ. ಬೋರ್ ಹೊಡೆಯುತ್ತದೆ, ಮಾಡಿ.

ಈಗ ಪೆಟ್ಟಿಗೆ ಬದಲು ಏನು? ನೆರಳು. ಬೆಳಗಲ್ಲು ವೀರಣ್ಣ ಅವರ ತೊಗಲುಗೊಂಬೆ ಆಟ ನೋಡಿದ್ದರೆ ಹೆಚ್ಚು ಹೇಳಬೇಕಿಲ್ಲ. ಬಿಳಿ ಮಲ್ ಬಟ್ಟೆ ಬಿಗಿಯಾಗಿ ಕಟ್ಟಿ, ಹಿಂದೆ ಒಂದೇ ಒಂದು ದೀಪ. ದೀಪದ ಮುಖ ಚಿಕ್ಕದಿರಬೇಕು, ಪ್ಯಾನೆಲ್ ಲೈಟ್ ಇಟ್ಟರೆ ನೆರಳಿನ ಅಂಚು ಕಲಸಿಹೋಗುತ್ತದೆ. ಒಂದೇ ಚಿಪ್ ಇರುವ 50 ವ್ಯಾಟ್ ಎಲ್‌ಇಡಿ ಸಾಕು. ದೀಪ ಬಟ್ಟೆಯಿಂದ ಹತ್ತು ಅಡಿ ಹಿಂದೆ ಇರಲಿ. ಗಾಯಕ ಬಟ್ಟೆಗೆ ತಾಗಿ ನಿಂತರೆ ಅವನಷ್ಟೇ ಎತ್ತರದ ನೆರಳು. ಮೆಲ್ಲಗೆ ಹಿಂದೆ ಸರಿದು ದೀಪಕ್ಕೆ ಐದು ಅಡಿ ದೂರ ಬಂದರೆ ನೆರಳು ಎರಡರಷ್ಟು. ಇನ್ನೂ ಸರಿದರೆ ಇಡೀ ಬಟ್ಟೆ ಅವನೇ. ನಾಲ್ಕು ಹೆಜ್ಜೆಯಲ್ಲಿ ಮನುಷ್ಯ ರಾಕ್ಷಸ ಆಗುತ್ತಾನೆ. ಸಂದು ಸೊನ್ನೆ ಸೆಕೆಂಡ್, ಖರ್ಚು ಬಟ್ಟೆಯದು ಅಷ್ಟೆ. ಬಟ್ಟೆ ಜೋಡಿಸಿದ ಹೊಲಿಗೆ ಅಡ್ಡ ಬರಲಿ, ತಲೆಗಿಂತ ಮೇಲೆ. ಉದ್ದಕ್ಕೆ ಬಂದರೆ ಮುಖದ ಮೇಲೆ ಗೆರೆ. ಮಂಟಪದ ಫ್ಯಾನ್ ಗಾಳಿಗೆ ಬಟ್ಟೆ ಅಲುಗಾಡುತ್ತದೆ, ಕೆಳ ಅಂಚಿನಲ್ಲಿ ಕಬ್ಬಿಣದ ಪೈಪ್ ಹಾಕಿ.

ಫ್ಯಾನ್ ಅಂದಮೇಲೆ ಹೊಗೆ. ಏಪ್ರಿಲ್‌ನಲ್ಲಿ ನಮ್ಮ ಕಡೆ ಫ್ಯಾನ್ ಆಫ್ ಮಾಡಿದರೆ ಜನ ಎದ್ದು ಹೋಗುತ್ತಾರೆ. ಆನ್ ಇದ್ದರೆ ಹೊಗೆ ನಿಲ್ಲುವುದಿಲ್ಲ. ಎರಡು ಮಷಿನ್ ಅಲ್ಲ, ಆರು ಇಟ್ಟರೂ ಅಷ್ಟೆ. ಲೈಟಿನ ಗೆರೆ ಕಾಣಬೇಕು ಅಂದರೆ ಬೇಕಾದದ್ದು ಹೇಜ಼ರ್. ತೆಳ್ಳಗೆ ಎಲ್ಲ ಕಡೆ ಹರಡುವ ಮಂಜು ಅದು, ಮೋಡ ಮೋಡ ಬಿಡುವ ಫಾಗರ್ ಅಲ್ಲ. ಎರಡನ್ನೂ ಬಾಡಿಗೆಯವರು ಹೊಗೆ ಮಷಿನ್ ಅಂತಲೇ ಕರೆಯುತ್ತಾರೆ, ಕೇಳಿ ತನ್ನಿ. 1500 ವ್ಯಾಟ್ ಫಾಗರ್ ಅನ್ನು ಸೌಂಡ್ ಇರುವ ಲೈನ್‌ಗೇ ಹಾಕಬೇಡಿ. ಹೀಟರ್ ಆನ್ ಆದಾಗಲೆಲ್ಲ ವೋಲ್ಟೇಜ್ ಕುಸಿಯುತ್ತದೆ. ದ್ರಾವಣಕ್ಕೆ ಅತ್ತರು, ಊದುಬತ್ತಿ ಎಣ್ಣೆ ಸುರಿಯುವ ಬುದ್ಧಿವಂತರಿದ್ದಾರೆ. ದಯವಿಟ್ಟು ಬೇಡ.

ಕೋಲ್ಡ್ ಪೈರೊ ಬಗ್ಗೆ ಸ್ವಲ್ಪ ಬೈಯುತ್ತೇನೆ, ಬೇಜಾರಾಗಬೇಡಿ. ಹೆಸರು ಕೋಲ್ಡ್, ಆದರೆ ಚಿಮ್ಮುವುದು ಉರಿಯುವ ಲೋಹದ ಪುಡಿ. ಮಂಟಪದ ವೇದಿಕೆ ತುಂಬ ಥರ್ಮೋಕೋಲ್, ಪ್ಲಾಸ್ಟಿಕ್ ಹೂ, ನೈಲಾನ್ ಬಟ್ಟೆ. 2003ರ ಫೆಬ್ರವರಿ 20ರಂದು ಅಮೆರಿಕದ ರೋಡ್ ಐಲ್ಯಾಂಡ್‌ನ ಒಂದು ಕ್ಲಬ್‌ನಲ್ಲಿ ಗ್ರೇಟ್ ವೈಟ್ ಬ್ಯಾಂಡ್ ಶೋ ಶುರುವಾದ ಕೂಡಲೇ ಕಿಡಿ ಹಾರಿಸಿದರು. ವೇದಿಕೆ ಗೋಡೆಯ ಸದ್ದು ತಡೆಯುವ ಫೋಮ್‌ಗೆ ಹತ್ತಿತು. 100 ಜನ ಸತ್ತರು. ಅದೇ ಜಾತಿ ಫೋಮ್ ನಿಮ್ಮ ಪ್ರಾಕ್ಟೀಸ್ ರೂಮ್ ಫೋಟೋದಲ್ಲೂ ಕಾಣುತ್ತಿದೆ. ಅಲ್ಲಿ ಕರ್ಪೂರ ಹಚ್ಚಿ ರೀಲ್ಸ್ ಮಾಡಿದ್ದೀರಿ, ಅದನ್ನೂ ನೋಡಿದೆ. ಅದು ನಿಲ್ಲಲಿ. ನೀವು ಪೋಸ್ಟ್‌ನಲ್ಲಿ ಮುಖಕ್ಕೆ ಬಣ್ಣ ಬಳಿದುಕೊಳ್ಳುವ ಅಮೆರಿಕದ ಕಿಸ್ ಬ್ಯಾಂಡ್ ಉದಾಹರಣೆ ಕೊಟ್ಟಿದ್ದೀರಿ. ಅವರ ಜೀನ್ ಸಿಮನ್ಸ್ 1973ರ ಡಿಸೆಂಬರ್ 31ರಂದು ಮೊದಲ ಸಲ ವೇದಿಕೆ ಮೇಲೆ ಬೆಂಕಿ ಉಗುಳಿದಾಗ ಅವರ ಕೂದಲಿಗೇ ಹತ್ತಿಕೊಂಡಿತು. ಕೂದಲ ತುಂಬ ಹೇರ್ ಸ್ಪ್ರೇ ಇತ್ತು. ಇನ್ನೊಂದು, ಅವರ ಮೊದಲ ಆಲ್ಬಂ 1974ರಲ್ಲಿ ಬಂದಾಗ ಹೇಳಿಕೊಳ್ಳುವಂತೆ ಮಾರಲಿಲ್ಲ. ಹೆಸರು ತಂದದ್ದು 1975ರ ಲೈವ್ ಆಲ್ಬಂ. ನಡುವೆ ಊರೂರು ತಿರುಗಿ ಬಾರಿಸಿದ್ದರು, ಅದನ್ನ ಯಾರೂ ಕಾಪಿ ಮಾಡುವುದಿಲ್ಲ.

ಬಣ್ಣಕ್ಕೆ ಬರೋಣ. ಮೇಲೆ ಯಾರೋ ಬಯಲಾಟದ ಹಳೆಯ ಬಣ್ಣ ಹಚ್ಚಿ, ಒರಿಜಿನಲ್ ಲುಕ್ ಬರುತ್ತೆ ಅಂದಿದ್ದಾರೆ. ಬೇಡವೇ ಬೇಡ. ಅರದಾಳದಲ್ಲಿ ಆರ್ಸೆನಿಕ್ ಇದೆ, ಇಂಗಳೀಕದಲ್ಲಿ ಪಾದರಸ. ಕ್ರಯೋಲಾನ್ ಕಂಪನಿಯ ಮೇಕಪ್ ತಗೊಳ್ಳಿ, ದುಬಾರಿ ಅನ್ನಿಸಿದರೂ ಒಂದು ಡಬ್ಬಿ ವರ್ಷ ಬರುತ್ತದೆ. ನಮ್ಮ ಬಿಸಿಲಿಗೆ ಎಣ್ಣೆ ಬಣ್ಣಕ್ಕಿಂತ ನೀರಿನ ಕೇಕ್ ವಾಸಿ, ಮೇಲೆ ಪೌಡರ್ ಒತ್ತಿ. ಪೂರ್ತಿ ಬಿಳಿ ಮುಖ ಬೇಡ, ಕಣ್ಣಿನ ಸುತ್ತ ಮತ್ತು ಕೆನ್ನೆ ಗುಳಿ ಸಾಕು. ಬೆವರು ಬಾಯಿಯ ಸುತ್ತಲೇ ಮೊದಲು ಕೆಡಿಸುತ್ತದೆ. ಬಟ್ಟೆಗೆ ಬೆಂಗಳೂರಿಗೆ ಹೋಗಬೇಡಿ. ಜೀನ್ಸ್ ಹೊಲಿಯುವ ಊರು ನಮ್ಮದು, ಕಪ್ಪು ಡೆನಿಮ್ ಬೇಕಾದ ಹಾಗೆ ಹೊಲಿಸಿಕೊಡುತ್ತೇನೆ. ತೆಳು ಡೆನಿಮ್ ಹೇಳಿ, ಹೊಸ ಕಪ್ಪನ್ನು ಎರಡು ಸಲ ಒಗೆದು ಹಾಕಿ, ಇಲ್ಲದಿದ್ದರೆ ಬೆವರಿಗೆ ಬಣ್ಣ ಬಿಡುತ್ತದೆ.

ಲ್ಯಾಪ್‌ಟಾಪ್. ಆಲ್ಬಂನಲ್ಲಿ 60 ಟ್ರ್ಯಾಕ್ (ಬೇರೆ ಬೇರೆ ಸದ್ದಿನ ಪದರ) ಇದೆ, ಉಳಿದದ್ದು ಲ್ಯಾಪ್‌ಟಾಪ್‌ನಿಂದ ಬಿಡುತ್ತೇವೆ ಅಂದಿದ್ದೀರಿ. ಆಗಲಿ, ತಪ್ಪಲ್ಲ. ಎಡ ಚಾನೆಲ್‌ಗೆ ಕ್ಲಿಕ್, ಬಲಕ್ಕೆ ಟ್ರ್ಯಾಕ್, ಮೋನೊ ಸಾಕು. ಕ್ಲಿಕ್ ಅಂದರೆ ಲಯ ಹೇಳುವ ಟಿಕ್ ಟಿಕ್, ಅದು ಡ್ರಮ್ಮರ್ ಕಿವಿಗೆ ಮಾತ್ರ. ಬೆಹ್ರಿಂಗರ್ ಪಿ2 ಅನ್ನುವ ಪುಟ್ಟ ಹೆಡ್‌ಫೋನ್ ಆಂಪ್ಲಿಫೈಯರ್‌ಗೆ ಕೆಜ಼ೆಡ್ ಇಯರ್‌ಫೋನ್ ಸಿಕ್ಕಿಸಿದರೆ ಆಯಿತು. ಬೆಹ್ರಿಂಗರ್ ಅಂದರೆ ಮೂಗು ಮುರಿಯುವವರು ಈ ಗುಂಪಿನಲ್ಲಿ ಜಾಸ್ತಿ, ಇರಲಿ. ನನ್ನದು ಇನ್ನೂ ಓಡುತ್ತಿದೆ. ಫೈಲ್ ವೇವ್ ಇರಲಿ. ಎಂಪಿ3 ಮಾಡಿದರೆ ಶುರುವಿನಲ್ಲಿ ಚೂರು ಖಾಲಿ ಸೇರುತ್ತದೆ. ಟ್ರ್ಯಾಕ್ ಬಿಡಲು ರೀಪರ್ ಸಾಫ್ಟ್‌ವೇರ್ ಸಾಕು. ನೆಟ್ ಆಫ್, ಅಪ್‌ಡೇಟ್ ಆಫ್. ನಮ್ಮಲ್ಲಿ ಒಮ್ಮೆ ಸಾವಿನ ಹಾಡಿನ ನಡುವೆ ಪಿಎ ಸ್ಪೀಕರ್‌ನಿಂದ ಮೆಸೇಜ್ ಟಿಂಗ್ ಅಂದಿತ್ತು. ಮತ್ತೆ ರಿಹರ್ಸಲ್‌ನಲ್ಲಿ ಯಾರಾದರೂ ಹೇಳದೆ ಲ್ಯಾಪ್‌ಟಾಪ್ ಕೇಬಲ್ ಕೀಳಲಿ. ನಾಲ್ಕೇ ಜನ ಹಾಡು ಮುಗಿಸಬೇಕು. ಮುಗಿಸಲು ಆಗದ ಹಾಡನ್ನು ಈ ಶೋಗೆ ಇಡಬೇಡಿ.

ಅಂದರೆ ಒಂಬತ್ತೂ ಹಾಡು ಬೇಡ. ಆಲ್ಬಂ ಸಾಲು ಮನೆಯಲ್ಲಿ ಕೂತು ಕೇಳುವವನಿಗೆ. ಶೋಗೆ ಬಂದು ನಿಂತವನಿಗೆ ಐದೋ ಆರೋ ಹಾಡು, 35 ನಿಮಿಷ. ಎರಡು ಹಾಡು ತಿಂಗಳ ಮೊದಲೇ ಬಿಡುಗಡೆ ಮಾಡಿ, ಜನಕ್ಕೆ ಅಷ್ಟಾದರೂ ಗೊತ್ತಿರಲಿ. ದರೋಜಿ ಈರಮ್ಮ ಬುರ್‍ರಕಥೆಯಲ್ಲಿ ಒಂದು ತಂಬೂರಿ, ಜೊತೆಗೆ ವಾದ್ಯದವರಿಬ್ಬರನ್ನು ಇಟ್ಟುಕೊಂಡು ರಾತ್ರಿಯೆಲ್ಲ ಊರನ್ನು ಕೂರಿಸುತ್ತಿದ್ದರು. ಆ ಕಥೆ ಊರಿಗೆ ಗೊತ್ತಿತ್ತು. ನಿಮ್ಮದು ಗೊತ್ತಿಲ್ಲ, ಅಲ್ವಾ?

ನಿಮ್ಮ ಡೆಮೊದಲ್ಲಿ ಒಂದು ಮಾತು. ಉದ್ದ ಎಳೆಯುವ ಕಡೆಯಲ್ಲಿ ಪದಗಳೆಲ್ಲ "ಉ"ಗೆ ಮುಗಿಯುತ್ತಿವೆ. ನೆರಳು, ಇರುಳು, ಉರುಳು. ಬರೆದಾಗ ಚಂದ. ಮೇಲಿನ ಸ್ಥಾಯಿಯಲ್ಲಿ ಕೂಗಿದಾಗ ಬಾಯಿ ಮುಚ್ಚಿಕೊಂಡು ಧ್ವನಿ ಸಣ್ಣಗಾಗುತ್ತದೆ. "ಆ", "ಎ"ಗೆ ಮುಗಿಸಿ ನೋಡಿ. ಇನ್ನು ಮೊಹರಂ ರಿವಾಯತ್ ಪದದ ಧಾಟಿ ತಗೊಂಡಿದ್ದು ಒಳ್ಳೇದೇ, ದುಃಖದ ಹಾಡು ನಮ್ಮ ಸೀಮೆಗೆ ಹೊಸದಲ್ಲ. ಆದರೆ ಅಲಾಯಿ ದೇವರ ಪಂಜದ (ಹಸ್ತದ ಆಕಾರದ ಲಾಂಛನ) ತರಹದ್ದು ವೇದಿಕೆ ಮೇಲೆ ಪ್ರಾಪ್ ಆಗಿ ಬೇಡ. ಮುದಗಲ್ಲಿನ ಮೊಹರಂ ನೋಡಿ ಬಂದವರಿಗೆ ಅದು ಆಟದ ಸಾಮಾನಲ್ಲ.

ಹೊರಗೆ ಬಯಲಲ್ಲಿ ಇಟ್ಟುಕೊಂಡರೆ ರಾತ್ರಿ 10ಕ್ಕೆ ಸ್ಪೀಕರ್ ಬಂದ್, ಶುರುವನ್ನು ಏಳಕ್ಕೆ ಇಡಿ. ಏಪ್ರಿಲ್‌ನಲ್ಲಿ ಆರೂವರೆ ದಾಟಿದರೂ ಬೆಳಕಿರುತ್ತದೆ. ನೆರಳಿನ ಹಾಡನ್ನು ಮೊದಲಿಗೆ ಇಡಬೇಡಿ.

ವೇದಿಕೆ ಅಗಲ ಎಷ್ಟು ಅಡಿ, ಹಿಂದೆ ಗೋಡೆವರೆಗೆ ಆಳ ಎಷ್ಟು ಅಂತ ಇಲ್ಲೇ ಹಾಕಿ. ಹತ್ತು ಅಡಿ ಆಳ ಇಲ್ಲದಿದ್ದರೆ ದೀಪ ನೆಲದ ಮೇಲೆ ಇಡಬೇಕಾಗುತ್ತದೆ, ಆಗ ಲೆಕ್ಕ ಬೇರೆ. ಬಟ್ಟೆ ಎಷ್ಟು ಮೀಟರ್ ಬೇಕು ಅಂತ ಆಮೇಲೆ ಹೇಳುತ್ತೇನೆ.