ಬಸ್ ಸ್ಟ್ಯಾಂಡಿನಲ್ಲಿ ಫೋಟೋ ತೂಗುಹಾಕುವ ಮೊದಲು

ನೀವು ಕೇಳಿದ್ದು ಇಷ್ಟು. ಮೂರು ವರ್ಷದಿಂದ ನಿಮ್ಮೂರಿನ ಪೇಟೆಯಲ್ಲಿ ಜನರಿಗೆ ಗೊತ್ತಾಗದ ಹಾಗೆ ಫೋಟೋ ತೆಗೆದಿದ್ದೀರಿ. ಗ್ಯಾಲರಿ ಬೇಡ, ಬಸ್ ಸ್ಟ್ಯಾಂಡಿನಂಥ ಜಾಗದಲ್ಲೇ ತೂಗುಹಾಕಬೇಕು ಅಂತ ಆಸೆ. ಯಾರ ಒಪ್ಪಿಗೆ ಬೇಕು, ಪ್ರಿಂಟ್ ಹೇಗೆ ಮಾಡಿಸೋದು, ಯಾರಾದರೂ ಜಗಳಕ್ಕೆ ಬಂದರೆ ಏನು, ಮುಗಿದ ಮೇಲೆ ಪ್ರಿಂಟ್‌ಗಳನ್ನು ಏನು ಮಾಡೋದು?

ನಾನು ಕಾಸರಗೋಡಿನವನು. ಪುತ್ತೂರಿಗೆ ಹೋಗುವ ದಾರಿಯಲ್ಲಿ ಸಿಗುವ ಒಂದು ಸಣ್ಣ ಪೇಟೆಯಲ್ಲಿ ಸ್ಟುಡಿಯೋ ಉಂಟು. ಹೊಟ್ಟೆಪಾಡು ಮದುವೆ ಫೋಟೋದ್ದು. ನಿಮ್ಮಂತೆ ಗೊತ್ತಾಗದ ಹಾಗೆ ತೆಗೆದ ಫೋಟೋಕ್ಕೆ ‘ಕ್ಯಾಂಡಿಡ್’ ಅನ್ನುತ್ತಾರೆ. ಆದರೆ ನಮ್ಮ ಕಡೆ ಅದು ಮದುವೆ ಪ್ಯಾಕೇಜಿನ ಒಂದು ಸಾಲು, ಅದಕ್ಕೆ ಬೇರೆ ರೇಟು. ಮದುಮಗಳಿಗೆ ‘ಕ್ಯಾಮೆರಾ ನೋಡ್ಬೇಡಿ, ಸುಮ್ನೆ ನಗ್ತಾ ಇರಿ’ ಅಂತ ಹೇಳಿಕೊಟ್ಟು ತೆಗೆಯುವ ಫೋಟೋಕ್ಕೆ ಆ ಹೆಸರು! ನಿಜವಾದದ್ದನ್ನು ನಾನು ತೆಗೆಯುವುದು ಮದುವೆ ಇಲ್ಲದ ದಿನ, ಸ್ಟುಡಿಯೋದ ಶಟರ್ ಅರ್ಧ ಎಳೆದು, ಪೇಟೆಯಲ್ಲಿ ಅಡ್ಡಾಡಿಕೊಂಡು. ಅವನ್ನು ಎರಡು ಸಲ ರಸ್ತೆಬದಿಯಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದೇನೆ. ಮೊದಲನೇ ಸಲ ಎಡವಿದ್ದೇ ಜಾಸ್ತಿ.

ಮೊದಲ ತಪ್ಪು ಅಂದರೆ, ನಾನು ಓದಿಕೊಂಡದ್ದೆಲ್ಲ ದೊಡ್ಡ ಊರುಗಳ ಕತೆ. ಫಿಲಿಪ್ ಲೋರ್ಕಾ ಡಿಕೋರ್ಸಿಯಾ ಅಂತ ಅಮೆರಿಕದ ಒಬ್ಬ ಛಾಯಾಗ್ರಾಹಕ ಇದ್ದಾರೆ. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ ಮೇಲೆ ಫ್ಲ್ಯಾಶ್ ಕಟ್ಟಿ, ದೂರ ನಿಂತು, ನಡೆದು ಹೋಗುವವರ ಮುಖ ತೆಗೆದರು. 2001ರಲ್ಲಿ ಗ್ಯಾಲರಿಯಲ್ಲಿ ಇಟ್ಟರು. ಅದರಲ್ಲಿದ್ದ ಒಬ್ಬ ಯಹೂದಿ ಹಿರಿಯರಿಗೆ ತನ್ನ ಮುಖ ಅಲ್ಲಿತ್ತು ಅಂತ ಗೊತ್ತಾಗಿ ಕೇಸು ಹಾಕುವ ಹೊತ್ತಿಗೆ 2005. ಮರುವರ್ಷ ಕೋರ್ಟು ಇದು ಕಲೆ, ಇದಕ್ಕೆ ಒಪ್ಪಿಗೆ ಬೇಕಿಲ್ಲ ಅಂತ ಆ ಕೇಸನ್ನು ವಜಾ ಮಾಡಿತು. ಇದನ್ನು ಓದಿ ನನಗೆ ಭಾರೀ ಧೈರ್ಯ ಬಂದಿತ್ತು.

ಆದರೆ ಲೆಕ್ಕ ನೋಡಿ. ಅಲ್ಲಿ ಫೋಟೋದಲ್ಲಿದ್ದವರಿಗೆ ವಿಷಯ ಮುಟ್ಟಲಿಕ್ಕೆ ವರ್ಷಗಳು ಬೇಕಾದವು. ನಮ್ಮ ಪೇಟೆಯಲ್ಲಿ ನಲವತ್ತು ನಿಮಿಷ ಸಾಕಾಯಿತು. ಬೆಂಗಳೂರಿನಲ್ಲಿ ರಸ್ತೆಯ ಫೋಟೋ ಅಂದರೆ ಗುರುತಿಲ್ಲದವರು ಗುರುತಿಲ್ಲದವರನ್ನು ನೋಡುವುದು. ಇಲ್ಲಿ ಫೋಟೋದ ಮುಂದೆ ನಿಂತವರು ಹೇಳುವ ಮೊದಲ ಮಾತೇ ‘ಇದು ನಮ್ಮ ಇಂಥವರ ಭಾವ ಅಲ್ವಾ’ ಅಂತ. ಬೆಳಕು, ನೆರಳು, ಚೌಕಟ್ಟು ಎಲ್ಲ ಆಮೇಲಿನ ಮಾತು. ಹಾಗಾಗಿ ಕೋರ್ಟಿನ ಒಪ್ಪಿಗೆಗಿಂತ ಮೊದಲು ಆ ಭಾವನ ಒಪ್ಪಿಗೆಯ ಬಗ್ಗೆ ಯೋಚಿಸಿ.

ಮೊದಲ ಪ್ರದರ್ಶನಕ್ಕೆ 22 ಪ್ರಿಂಟ್ ಮಾಡಿಸಿದ್ದೆ. ಬಸ್ ಸ್ಟ್ಯಾಂಡಿನ ಪಕ್ಕದ ಗೋಳಿಮರದಿಂದ ಗೂಡಂಗಡಿಯ ಕಂಬಕ್ಕೆ ಹಗ್ಗ ಕಟ್ಟಿ, ಬಟ್ಟೆ ಒಣಗಿಸುವ ಕ್ಲಿಪ್‌ನಲ್ಲಿ ಸಿಕ್ಕಿಸಿದೆ. ಅರ್ಧ ಗಂಟೆ ಯಾರೂ ತಿರುಗಿ ನೋಡಲಿಲ್ಲ. ಯಾವುದೋ ಬಟ್ಟೆ ಅಂಗಡಿಯ ಜಾಹೀರಾತು ಅಂದುಕೊಂಡರೋ ಏನೋ. ಆಮೇಲೆ ನೀಲಿ ಅಂಗಿಯ ಒಬ್ಬ ಲೋಡಿಂಗ್‌ನವರು ಬಂದರು. ಒಂದು ಫೋಟೋದ ಮುಂದೆ ನಿಂತರು. ಅದರಲ್ಲಿ ಮುಖವೇ ಇಲ್ಲ. ಲಾರಿಯಿಂದ ಅಡಿಕೆ ಗೋಣಿ ಹೊತ್ತು ಹೋಗುವವನ ಬೆನ್ನು ಮಾತ್ರ. ಕುತ್ತಿಗೆಯ ಹಿಂದೆ ಮಡಚಿಟ್ಟ ಬೈರಾಸು (ಹೆಗಲ ಟವೆಲ್ಲು), ಬೆವರಿಗೆ ಅಂಟಿದ ಅಂಗಿ. ಅವರು ತಮ್ಮ ಹೆಗಲ ಮೇಲಿದ್ದ ಬೈರಾಸನ್ನು ತೆಗೆದು ಒಮ್ಮೆ ನೋಡಿದರು, ಫೋಟೋದ್ದನ್ನು ನೋಡಿದರು. ಅದೇ ಕೆಂಪು ಅಂಚು.

‘ಇದು ನಾನಲ್ವಾ?’

‘ಹೌದಣ್ಣ.’

‘ನನ್ನ ಬೆನ್ನು ಇಷ್ಟು ಬಗ್ಗಿದೆಯಾ ಮಾರಾಯ್ರೇ?’

ನನಗೆ ಉತ್ತರ ಹೊಳೆಯಲಿಲ್ಲ. ತಮ್ಮ ಬೆನ್ನನ್ನು ಯಾರೂ ನೋಡಿಕೊಂಡಿರುವುದಿಲ್ಲ ಅಲ್ವಾ. ಅವರು ಹೋಗಿ ಇನ್ನಿಬ್ಬರನ್ನು ಕರೆದುಕೊಂಡು ಬಂದರು. ಆ ಮೇಲೆ ಜನ ಸೇರಿದ್ದು.

ಜನ ಸೇರಿದ ಮೇಲೆ ತೊಂದರೆಯೂ ಬಂತು. ನನ್ನ ಪ್ರಕಾರ ಅಲ್ಲಿದ್ದ ಒಳ್ಳೆಯ ಫೋಟೋ ಲಾಟರಿ ಅಂಗಡಿಯದ್ದು. ಕರ್ನಾಟಕದಲ್ಲಿ 2007ರಿಂದ ಲಾಟರಿ ಇಲ್ಲ, ಆದರೆ ಗಡಿಯಿಂದ ಈಚೆ, ಕೇರಳದಲ್ಲಿ, ಅದು ಸರಕಾರದ್ದೇ ವ್ಯಾಪಾರ, ದಿನಾ ಮಧ್ಯಾಹ್ನ ಡ್ರಾ. ಒಬ್ಬ ಅಜ್ಜ ಪೇಪರಿನ ಫಲಿತಾಂಶದ ಸಾಲಿನ ಮೇಲೆ ಬೆರಳಿಟ್ಟು, ಕನ್ನಡಕ ಹಣೆಗೇರಿಸಿ, ಬಾಯಿ ಸ್ವಲ್ಪ ತೆರೆದು ನಿಂತಿದ್ದಾರೆ. ಇನ್ನೊಂದು ಕೈಯಲ್ಲಿ ಟಿಕೆಟುಗಳ ಕಂತೆ. ಅವರ ಹೆಂಡತಿ ಬಸ್ಸಿಳಿದು ಬಂದವರು ಆ ಫೋಟೋ ನೋಡಿದರು. ಲಾಟರಿ ಬಿಟ್ಟು ಎರಡು ವರ್ಷ ಆಯಿತು ಅಂತ ಅಜ್ಜ ಮನೆಯಲ್ಲಿ ಹೇಳಿದ್ದರಂತೆ. ಆ ಅಮ್ಮ ಬೈಯಲಿಲ್ಲ, ಕೂಗಲಿಲ್ಲ. ಟಿಕೆಟ್ ಎಷ್ಟಿದೆ ಅಂತ ಹತ್ತಿರ ಹೋಗಿ ಎಣಿಸಿದರು. ಎಣಿಸಿ ಹೋದರು. ಸಂಜೆ ಅಜ್ಜ ಬಂದು ನನ್ನ ಮುಖ ನೋಡದೆ ‘ಅದನ್ನು ತೆಗೆ’ ಅಂದರು.

ತೆಗೆದೆ. ಅಲ್ಲೇ ಇನ್ನೊಂದು ತಪ್ಪಾಯಿತು. ಆ ಜಾಗವನ್ನು ಹಾಗೇ ಖಾಲಿ ಬಿಟ್ಟೆ. ಎರಡು ಕ್ಲಿಪ್ ಗಾಳಿಗೆ ಅಲ್ಲಾಡುತ್ತಿದ್ದವು. ಮರುದಿನ ಬಂದವರೆಲ್ಲ ಕೇಳಿದ್ದು ಒಂದೇ, ‘ಇಲ್ಲಿ ಏನಿತ್ತು?’ ನೋಡದವರಿಗೂ ಕತೆ ತಲುಪಿತು. ತೆಗೆಯಬೇಕಾಗಿ ಬಂದರೆ ಉಳಿದ ಫೋಟೋಗಳನ್ನು ಸರಿಸಿ ಜಾಗ ಮುಚ್ಚಿ. ಅದಕ್ಕಾಗಿ ಎರಡು ಮೂರು ಹೆಚ್ಚಿನ ಪ್ರಿಂಟ್ ಇಟ್ಟುಕೊಳ್ಳಿ. ವಾದ ಮಾಡಬೇಡಿ. ‘ಕಾನೂನು ಪ್ರಕಾರ ಸರಿ’ ಅನ್ನುವ ಮಾತು ಬಸ್ ಸ್ಟ್ಯಾಂಡಿನಲ್ಲಿ ಕೆಲಸಕ್ಕೆ ಬರುವುದಿಲ್ಲ.

ಎರಡನೇ ಸಲ ದಾರಿ ಬದಲಾಯಿಸಿದೆ. ಫೋಟೋ ತೆಗೆಯುವಾಗ ಕೇಳುವುದಿಲ್ಲ. ಕೇಳಿದರೆ ಫೋಟೋವೇ ಹೋಯಿತು, ಎಲ್ಲರೂ ಅಂಗಿ ಎಳೆದುಕೊಂಡು ಪಾಸ್‌ಪೋರ್ಟ್ ಫೋಟೋಕ್ಕೆ ನಿಂತ ಹಾಗೆ ನಿಲ್ಲುತ್ತಾರೆ. ತೂಗುಹಾಕುವ ಮೊದಲು ಕೇಳುತ್ತೇನೆ. ಪೋಸ್ಟ್ ಕಾರ್ಡ್ ಅಳತೆಯ ಪ್ರಿಂಟ್ ಕಿಸೆಯಲ್ಲಿಟ್ಟುಕೊಂಡು ಅದರಲ್ಲಿ ಇರುವವರ ಹತ್ತಿರ ಹೋಗುವುದು, ತೋರಿಸುವುದು, ಇದನ್ನು ಇಂಥ ಜಾಗದಲ್ಲಿ ಹಾಕಬಹುದಾ ಅಂತ ಕೇಳುವುದು. ಸಣ್ಣ ಪ್ರಿಂಟ್ ಅವರಿಗೇ. ಹೆಚ್ಚಿನವರು ಒಪ್ಪುತ್ತಾರೆ. ಬೇಡ ಅಂದವರದ್ದು ಬೇಡ. ಫ್ರಾನ್ಸಿನ ಜೆಆರ್ ಅನ್ನುವ ಕಲಾವಿದ 2008ರಲ್ಲಿ ರಿಯೋ ಡಿ ಜನೈರೋದ ಗುಡ್ಡದ ಮೇಲಿನ ಬಡವರ ಬಡಾವಣೆಯಲ್ಲಿ ಮನೆಗಳ ಗೋಡೆ ತುಂಬ ಅಲ್ಲಿನ ಹೆಂಗಸರ ಕಣ್ಣು, ಮುಖ ಅಂಟಿಸಿದ್ದರು. ಚಿತ್ರ ನೋಡಿದರೆ ಯಾರಿಗಾದರೂ ಹಾಗೆ ಮಾಡಬೇಕು ಅನಿಸುತ್ತದೆ. ಆದರೆ ಆ ಹೆಂಗಸರು ಗೊತ್ತಿದ್ದೇ ಕ್ಯಾಮೆರಾದ ಮುಂದೆ ನಿಂತವರು. ನಾವು ಕದ್ದು ತೆಗೆದವರು. ನಮ್ಮದು ಅರ್ಧ ಕೆಲಸ, ಉಳಿದ ಅರ್ಧ ಈ ಕೇಳುವುದು.

ಅಂದಹಾಗೆ, ಗೊತ್ತಾಗದಂತೆ ತೆಗೆಯುವುದರಲ್ಲಿ ಎಲ್ಲರಿಗೂ ಗುರುವಾದ ಫ್ರಾನ್ಸಿನ ಛಾಯಾಗ್ರಾಹಕ ಆನ್ರಿ ಕಾರ್ಟಿಯೆ ಬ್ರೆಸೋನ್ ತಮ್ಮ ಲೈಕಾ ಕ್ಯಾಮೆರಾದ ಹೊಳೆಯುವ ಭಾಗಕ್ಕೆಲ್ಲ ಕಪ್ಪು ಟೇಪ್ ಸುತ್ತುತ್ತಿದ್ದರು. ಆದರೆ ಅವರ ಫೋಟೋವನ್ನು ಬೇರೆಯವರು ತೆಗೆಯುವುದು ಅವರಿಗೆ ಆಗುತ್ತಿರಲಿಲ್ಲ!

ಮಕ್ಕಳ ವಿಷಯದಲ್ಲಿ ಇನ್ನೂ ಬಿಗಿ ಇರಲಿ. ಮಕ್ಕಳ ಫೋಟೋ ಅಂದ ಕೂಡಲೇ ನನಗೆ ನೆನಪಾಗುವುದು ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್. 1979, ಅಂತಾರಾಷ್ಟ್ರೀಯ ಮಕ್ಕಳ ವರ್ಷ. ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನವಾದವು. ಆಗ ಗೋಡೆಗೆ ಹಾಕಿದ ಚಿತ್ರ ಗೋಡೆಯಲ್ಲೇ ಇರುತ್ತಿತ್ತು. ಈಗ ನೀವು ಕ್ಲಿಪ್ ಹಾಕಿ ಕೈ ತೆಗೆಯುವಷ್ಟರಲ್ಲಿ ಯಾರೋ ಅದರ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ ಹಾಕಿರುತ್ತಾರೆ. ಆಮೇಲೆ ಅದು ನಿಮ್ಮ ಕೈಯಲ್ಲಿಲ್ಲ. ಅಪ್ಪ ಅಮ್ಮ ಒಪ್ಪದೆ ಮಗುವಿನ ಮುಖ ಹಾಕಲೇಬೇಡಿ.

ಕಾನೂನಿನ ಬಗ್ಗೆ ನಾಲ್ಕು ಮಾತು. ನಾನು ವಕೀಲನಲ್ಲ. ರಸ್ತೆಯಲ್ಲಿ ಫೋಟೋ ತೆಗೆಯುವುದಕ್ಕೆ ಸಾಮಾನ್ಯವಾಗಿ ಅಡ್ಡಿ ಇಲ್ಲ, ರೈಲ್ವೆ ಸ್ಟೇಷನ್ನಿನಂಥ ಕಡೆ ಅನುಮತಿ ಬೇಕಾಗಬಹುದು. 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟಿದೆ. ಆ ಕೇಸು ಹೂಡಿದ ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಆಗಿದ್ದರು. ಫೋಟೋ ಮಾರುವುದು, ಜಾಹೀರಾತಿಗೆ ಕೊಡುವುದು ಇದ್ದರೆ ಬಾಯಿಮಾತು ಸಾಲದು, ಬರೆಸಿಕೊಳ್ಳಿ.

ಜಾಗದ ಅನುಮತಿ ಬೇರೆಯೇ ಪುರಾಣ. ಬಸ್ ಸ್ಟ್ಯಾಂಡ್ ಪಂಚಾಯತಿನದ್ದಾದರೆ ಅಲ್ಲಿನ ಕಾರ್ಯದರ್ಶಿಗೆ ಅರ್ಜಿ ಕೊಡಬೇಕು. ಒಂದು ಕಚೇರಿಯಲ್ಲಿ ನನ್ನ ಅರ್ಜಿ ಮೂರು ವಾರ ಮೇಜಿಂದ ಮೇಜಿಗೆ ಅಲೆಯಿತು. ‘ಫೋಟೋ ಪ್ರದರ್ಶನ’ ಅನ್ನುವುದಕ್ಕೆ ಅವರಲ್ಲಿ ಕಾಲಮ್ಮೇ ಇರಲಿಲ್ಲ, ಕೊನೆಗೆ ‘ತಾತ್ಕಾಲಿಕ ಬೋರ್ಡ್’ ಅಂತ ಸೇರಿಸಿಕೊಂಡರು. ಅರ್ಜಿಯನ್ನು ಕನ್ನಡದಲ್ಲೇ ಕೊಟ್ಟೆ, ಇಲ್ಲಿನ ಭಾಷಾ ಅಲ್ಪಸಂಖ್ಯಾತರಿಗೆ ಆ ಹಕ್ಕಿದೆ. ಆ ಪ್ರತಿಗೆ ಸೀಲು ಹಾಕಿಸಿ ಇಟ್ಟುಕೊಳ್ಳಿ. ಪೊಲೀಸರು ಬಂದು ಕೇಳಿದರೆ ತೋರಿಸಲು ಅದೇ ಇರುವುದು. ಚುನಾವಣೆ ಘೋಷಣೆಯಾದರೆ ಮಾತ್ರ ಆ ಕಡೆ ತಲೆಹಾಕಬೇಡಿ.

ಖಾಲಿ ಗೋಡೆ ಕಂಡಿತು ಅಂತ ಕೇಳದೆ ಅಂಟಿಸಲೂ ಹೋಗಬೇಡಿ. ಕೇರಳದಲ್ಲಿ ಖಾಲಿ ಗೋಡೆ ಅಂತ ಒಂದಿಲ್ಲ. ಮೂಲೆಯಲ್ಲಿ ಬಗ್ಗಿ ನೋಡಿ, ಯಾವುದಾದರೂ ಪಕ್ಷದ ಹೆಸರು, ಒಂದು ವರ್ಷ, ‘ಬುಕ್ಡ್’ ಅಂತ ಬರೆದಿರುತ್ತದೆ. ಇನ್ನು ಮೈದಾ ಅಂಟು. ಯಕ್ಷಗಾನದ ಪೋಸ್ಟರ್ ಅಂಟಿಸುವವರಿಂದ ನಾನೂ ಕಲಿತೆ. ಹುಳ ಬರದಿರಲು ಕೆಲವರು ಅದಕ್ಕೆ ಚಿಟಿಕೆ ಮೈಲುತುತ್ತು ಹಾಕುತ್ತಾರೆ. ಅಡಿಕೆ ಕೊಳೆರೋಗಕ್ಕೆ ಹೊಡೆಯುವ ಮದ್ದಿಗೆ ಬಳಸುವುದೇ ಅದು, ನಮ್ಮ ಕಡೆ ಪ್ರತಿ ಮನೆಯಲ್ಲೂ ಸಿಗುತ್ತದೆ. ದಯವಿಟ್ಟು ಹಾಕಬೇಡಿ. ಅದು ವಿಷ, ಪೇಟೆಯ ಆಡು, ದನಗಳು ಪೋಸ್ಟರ್ ತಿನ್ನುತ್ತವೆ. ನನ್ನದೇ ಒಂದು ಫೋಟೋದ ಕೆಳಗಿನ ಅರ್ಧವನ್ನು ಒಂದು ಆಡು ನಿಂತಲ್ಲೇ ಮುಗಿಸಿತ್ತು. ಅಷ್ಟು ಮನಸಾರೆ ನನ್ನ ಕೆಲಸವನ್ನು ಬೇರೆ ಯಾರೂ ಸವಿದಿಲ್ಲ.

ಪ್ರಿಂಟ್‌ಗೆ ಫ್ಲೆಕ್ಸ್ ಆಗುವುದಿಲ್ಲ. ಕೇರಳದಲ್ಲಿ 2019ರಿಂದ ಪಿವಿಸಿ ಫ್ಲೆಕ್ಸ್‌ಗೆ ನಿಷೇಧ ಇದೆ. ಸನ್‌ಬೋರ್ಡ್ ಅನ್ನುವ ಹಗುರ ಹಲಗೆ ಕೂಡ ಪಿವಿಸಿ ಪ್ಲಾಸ್ಟಿಕ್ಕಿನದ್ದೇ. ನಾನು ಈಗ 12×18 ಇಂಚಿನ ದಪ್ಪ ಕಾಗದದ ಪ್ರಿಂಟ್ ಹಾಕಿಸಿ ಹಿಂದೆ ರಟ್ಟು ಅಂಟಿಸುತ್ತೇನೆ, ದೊಡ್ಡದು ಬೇಕಾದರೆ ಕಾಟನ್ ಬಟ್ಟೆ. ಮೊಬೈಲಿನ 12 ಮೆಗಾಪಿಕ್ಸೆಲ್ ಫೋಟೋ 12×18ಕ್ಕೆ ಧಾರಾಳ ಸಾಕು. 24 ಮೆಗಾಪಿಕ್ಸೆಲ್ ಇದ್ದರೆ ಎರಡಡಿ ಮೂರಡಿಯ ಪ್ರಿಂಟ್ ಕೂಡ ಇಂಚಿಗೆ 160 ಚುಕ್ಕಿಯ ಮೇಲೆ ಬರುತ್ತದೆ, ನಾಲ್ಕಡಿ ದೂರದಿಂದ ಯಾರಿಗೂ ಕೊರತೆ ಕಾಣುವುದಿಲ್ಲ. ಹೊಳಪಿನ ಕಾಗದ ಬೇಡ, ಮಧ್ಯಾಹ್ನದ ಬಿಸಿಲಿಗೆ ಕನ್ನಡಿಯಾಗುತ್ತದೆ. ಮೇಲೊಂದು, ಕೆಳಗೊಂದು ಹಗ್ಗ ಕಟ್ಟಿ ನಾಲ್ಕೂ ಮೂಲೆಗೆ ಕ್ಲಿಪ್ ಹಾಕಿ. ಗ್ಯಾಲರಿಗಳಲ್ಲಿ ಚಿತ್ರದ ನಡುಭಾಗ ನೆಲದಿಂದ ಸುಮಾರು ನಾಲ್ಕೂಮುಕ್ಕಾಲು ಅಡಿ ಎತ್ತರಕ್ಕೆ ಬರುವ ಹಾಗೆ ಹಾಕುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಜನ ಕೂತಿರುತ್ತಾರೆ, ಇನ್ನೂ ತಗ್ಗಿಸಿ. ಬೆಂಚಿನ ಹಿಂದೆ ಅಲ್ಲ, ಬೆಂಚಿನ ಎದುರಿಗೆ. ರಾತ್ರಿ ಬಿಚ್ಚಿ ಒಳಗಿಡಿ, ಇಬ್ಬನಿಗೆ ಕಾಗದ ಸುರುಳಿ ಸುತ್ತುತ್ತದೆ. ವರ್ಷಕ್ಕೆ 3500 ಮಿಲಿಮೀಟರ್ ಹತ್ತಿರ ಮಳೆ ಬೀಳುವ ಊರು ನಮ್ಮದು, ಹಾಗಾಗಿ ಡಿಸೆಂಬರಿನಿಂದ ಮಾರ್ಚ್ ಒಳಗೆ ಮುಗಿಸಿಬಿಡಿ.

ದೈವದ ಫೋಟೋ ನಿಮ್ಮಲ್ಲೂ ಇರಬಹುದು. ಕೋಲದ ಚೌಕಿಯಲ್ಲಿ ಮುಖಕ್ಕೆ ಬಣ್ಣ ಹಚ್ಚುವಾಗಿನ ಒಂದು ಒಳ್ಳೆಯ ಚಿತ್ರ ನನ್ನಲ್ಲಿತ್ತು. ದೈವ ಕಟ್ಟುವವರು, ಕೋಲ ನಡೆಸುವ ಮನೆಯವರು ಇಬ್ಬರೂ ಒಪ್ಪಿದ್ದರು. ಆದರೂ ತೆಗೆದಿಟ್ಟೆ. ಯಾಕೆಂದರೆ ಅದರ ಕೆಳಗೇ ಜನ ಎಲೆಯಡಿಕೆ ಉಗಿಯುತ್ತಿದ್ದರು.

ಎರಡನೇ ಪ್ರದರ್ಶನ ಹೆದ್ದಾರಿ ಬದಿಯಲ್ಲಿ. ರಾಷ್ಟ್ರೀಯ ಹೆದ್ದಾರಿ 66 ಆರು ಪಥ ಆಗುವಾಗ ತಲಪಾಡಿಯಿಂದ ಈಚೆ ಎಷ್ಟೋ ಅಂಗಡಿ, ಮರ ಹೋದವಲ್ಲ, ಅದಕ್ಕೆ ಮೊದಲಿನ ಚಿತ್ರಗಳು. ಜೊತೆಗೆ ಒಬ್ಬ ಡ್ರಾಯಿಂಗ್ ಮಾಷ್ಟ್ರ ಜಲವರ್ಣಗಳು. ಅಡಿಬರಹ ಮೊದಲ ಸಲ ಕನ್ನಡದಲ್ಲಿ ಮಾತ್ರ ಹಾಕಿ ‘ಇದು ಕನ್ನಡದವರಿಗೆ ಮಾತ್ರವಾ’ ಅಂತ ಒಬ್ಬ ಹುಡುಗನಿಂದ ಕೇಳಿಸಿಕೊಂಡಿದ್ದೆ. ಈ ಸಲ ಕನ್ನಡ, ಮಲಯಾಳ ಎರಡೂ. ಊರು, ತಿಂಗಳು ಇಷ್ಟೇ. ಹೆಸರು ಬರೆಯಲಿಲ್ಲ, ಹೆಸರನ್ನು ಜನರೇ ಹೇಳುತ್ತಾರೆ. ಹೋಗಿಬಿಟ್ಟ ಚಾಯದ ಅಂಗಡಿಯೊಂದರ ಫೋಟೋದಲ್ಲಿ ಬೆಂಚಿನ ಒಂದು ತುದಿಯನ್ನು ತುಂಬ ಮಂದಿ ಬೆರಳಿಂದ ಮುಟ್ಟಿದರು. ಮೂರನೇ ದಿನ ಅಲ್ಲಿ ಕಾಗದವೇ ಕಪ್ಪಾಗಿತ್ತು.

ಮುಗಿದ ಮೇಲೆ ಪ್ರಿಂಟ್ ಏನು ಮಾಡೋದು ಅಂತ ಕೇಳಿದ್ದೀರಿ. ಫೋಟೋದಲ್ಲಿ ಇರುವವರಿಗೆ ಕೊಟ್ಟುಬಿಡಿ. ಲೋಡಿಂಗ್ ಅಣ್ಣ ತಮ್ಮ ಬೆನ್ನನ್ನು ಸುರುಳಿ ಸುತ್ತಿ ಬಸ್ಸಿನಲ್ಲಿ ತೆಗೆದುಕೊಂಡು ಹೋದರು. ಲಾಟರಿ ಅಜ್ಜನದ್ದು ಮಾತ್ರ ನನ್ನ ಸ್ಟುಡಿಯೋದ ಕಪಾಟಿನಲ್ಲೇ ಉಳಿಯಿತು. ಎರಡು ತಿಂಗಳಾದ ಮೇಲೆ ಅವರು ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆಸಿಕೊಳ್ಳಲು ಬಂದರು. ತೆಗೆಸಿಕೊಂಡರು. ದುಡ್ಡು ಎಣಿಸುತ್ತಾ, ‘ಆವತ್ತಿನದ್ದು ಇದೆಯಾ?’ ಅಂದರು. ಕೊಟ್ಟೆ. ಬಾಗಿಲ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ‘ಆ ದಿನ ಒಂದು ನಂಬ್ರದಲ್ಲಿ ತಪ್ಪಿದ್ದು’ ಅಂದರು. ಆಮೇಲೆ ಟಿಕೆಟ್ ಒಳಗೆ ಬರುವ ಹಾಗೆ ನಾಲ್ಕಾಗಿ ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡು ಹೋದರು.