ಪಿಸ್ತೂಲನ್ನು ಕಾರ್ಬೈನ್ ಮಾಡುವ ಕಿಟ್: ದುಡ್ಡಿಗೆ ತಕ್ಕ ಮಾಲಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಜಗಳೂರು ತಾಲ್ಲೂಕಿನಲ್ಲಿ ಆರು ಎಕರೆ ಹೊಲ, ಮೆಕ್ಕೆಜೋಳ ಮತ್ತು ಶೇಂಗಾ. ರಾತ್ರಿ ಹಂದಿ ಕಾಟ, ಆಗೊಮ್ಮೆ ಈಗೊಮ್ಮೆ ಕರಡಿ. ತಂದೆಯವರ ಹೆಸರಿನಲ್ಲಿ ಲೈಸೆನ್ಸ್ ಇರುವ .32 ಪಿಸ್ತೂಲ್ ಇದೆ, ಇಛಾಪುರ ಕಾರ್ಖಾನೆಯ ಅಶನಿ ಮಾದರಿ. ಟೆಕ್ಸಾಸ್‌ನಲ್ಲಿರುವ ನಿಮ್ಮ ಅಣ್ಣ ತಮ್ಮ 9 ಎಂಎಂ ಪಿಸ್ತೂಲ್ ಗ್ಲಾಕ್ 19ಕ್ಕೆ ಕಾರ್ಬೈನ್ (ಭುಜಕ್ಕೆ ಒರಗಿಸಿ ಹೊಡೆಯುವ ಗಿಡ್ಡ ಬಂದೂಕು) ಕಿಟ್ ಕೊಳ್ಳಲು ಹೊರಟಿದ್ದಾರೆ. ‘ಊರಿಗೆ ಬರುವಾಗ ನಿನಗೂ ಒಂದು ತರ್ತೀನಿ’ ಅಂದಿದ್ದಾರೆ. ಅದಕ್ಕೆ ಅಷ್ಟು ದುಡ್ಡು ಹಾಕಬಹುದಾ ಅಂತ ಕೇಳಿದ್ದೀರಿ.

ಅಣ್ಣನಿಗೆ ನನ್ನ ಉತ್ತರ: ಕೊಳ್ಳುವ ಮುಂಚೆ ಇನ್ನೊಂದು ಸಲ ಯೋಚಿಸಲಿ. ನಿಮಗೆ ನನ್ನ ಉತ್ತರ: ಬೇಡವೇ ಬೇಡ, ಅದನ್ನು ಬ್ಯಾಗಿಗೆ ಹಾಕಲು ಬಿಡಬೇಡಿ.

ನಾನೂ ದಾವಣಗೆರೆಯವನೇ. 2013ರಿಂದ 2024ರವರೆಗೆ ಟೆಕ್ಸಾಸ್‌ನಲ್ಲಿ ಕೆಲಸ ಮಾಡಿಕೊಂಡಿದ್ದೆ. 2021ರಲ್ಲಿ ಇಂಥದ್ದೇ ಒಂದು ಕಿಟ್ ಕೊಂಡೆ, ಮೂರು ವರ್ಷ ಇಟ್ಟುಕೊಂಡೆ, ಊರಿಗೆ ಬರುವ ಮುಂಚೆ ಪಿಸ್ತೂಲಿನ ಜೊತೆಗೇ ಮಾರಿದೆ. ಹಾಗಾಗಿ ಇದು ವಿಡಿಯೋ ನೋಡಿ ಹೇಳುತ್ತಿರುವ ಮಾತಲ್ಲ.

ಮೊದಲು ಈ ಕಿಟ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ, ಯಾಕಂದರೆ ಎಲ್ಲ ತಪ್ಪು ಲೆಕ್ಕ ಶುರುವಾಗುವುದು ಅಲ್ಲಿಂದಲೇ. ಇಸ್ರೇಲಿನ ಸಿಎಎ ಕಂಪನಿಯ ರೋನಿ, ಮೈಕ್ರೋ ರೋನಿ, ಆಮೇಲೆ ಬಂದ ಎಂಸಿಕೆ, ರಿಕವರ್ ಟ್ಯಾಕ್ಟಿಕಲ್‌ನ 20/20, ಇವೆಲ್ಲ ಒಂದು ಚಿಪ್ಪು ಇದ್ದ ಹಾಗೆ. ಪಿಸ್ತೂಲನ್ನು ಹಾಗೇ ಅದರೊಳಗೆ ಕೂರಿಸುತ್ತೀರಿ. ಹಿಂದೆ ಭುಜಕ್ಕೋ ತೋಳಿಗೋ ಆಧಾರ, ಮುಂದೆ ಇನ್ನೊಂದು ಕೈಗೆ ಹಿಡಿ, ಮೇಲೆ ರೆಡ್ ಡಾಟ್, ಅಂದರೆ ಕೆಂಪು ಚುಕ್ಕೆಯಿಂದ ಗುರಿ ತೋರಿಸುವ ಸಾಧನ, ಕೂರಿಸಲು ಜಾಗ. ಒಳಗಿರುವುದು ಅದೇ ಪಿಸ್ತೂಲ್. ಬ್ಯಾರೆಲ್ ಅದೇ. ಗ್ಲಾಕ್ 19ರ ಬ್ಯಾರೆಲ್ 4 ಇಂಚು ಚಿಲ್ಲರೆ. ಕಿಟ್ಟಿಗೆ ಹಾಕಿದ ಮೇಲೂ ಅಷ್ಟೇ.

ಇದರಿಂದ ಹಿಡಿತ ಎಷ್ಟು ಸುಧಾರಿಸುತ್ತದೆ ಅಂದರೆ, ನಿಜ ಹೇಳುತ್ತೇನೆ, ಮೊದಲ ದಿನ ನನಗೇ ನಂಬಲಾಗಲಿಲ್ಲ. ಬರಿಗೈ ಪಿಸ್ತೂಲಿನಲ್ಲಿ 25 ಗಜದಿಂದ ಹೊಡೆದರೆ ನನ್ನ ಗುಂಡುಗಳು ಒಂದು ಬೆಣ್ಣೆ ದೋಸೆಯಷ್ಟು ಅಗಲಕ್ಕೆ ಹರಡುತ್ತಿದ್ದವು. ಕಿಟ್ ಹಾಕಿದ ಮೇಲೆ ಅದೇ ದೂರದಿಂದ ಕಾಫಿ ಲೋಟದ ಬಾಯಿಯಷ್ಟು ಜಾಗದಲ್ಲಿ ಬಿದ್ದವು. ಪಿಸ್ತೂಲನ್ನು ಹಿಡಿಯುವುದು ಎರಡು ಕೈ ಮಾತ್ರ. ಇಲ್ಲಿ ಭುಜ ಮತ್ತು ಕೆನ್ನೆಯ ಆಧಾರವೂ ಸಿಗುತ್ತದೆ. ನಡುಕ ಕಡಿಮೆ, ಒದೆತವೂ ಕಡಿಮೆ ಅನಿಸುತ್ತದೆ. ಹೊಸಬರು ಅರ್ಧ ಗಂಟೆಯಲ್ಲಿ ಗುರಿ ಹೊಡೆಯುತ್ತಾರೆ. ಈ ಖುಷಿ ಸುಳ್ಳಲ್ಲ.

ಆದರೆ ಕಾಗದದ ಗುರಿಯಲ್ಲಿ ತೂತು ಹತ್ತಿರ ಬಂತು ಅಂದ ಮಾತ್ರಕ್ಕೆ ಗುಂಡಿಗೆ ಬಲ ಬರಲಿಲ್ಲ. 124 ಗ್ರೇನ್ (ಗುಂಡಿನ ತೂಕದ ಅಳತೆ, ಸುಮಾರು 8 ಗ್ರಾಂ) ತೂಗುವ 9 ಎಂಎಂ ಗುಂಡು 4 ಇಂಚಿನ ಬ್ಯಾರೆಲ್‌ನಿಂದ ಸೆಕೆಂಡಿಗೆ ಸುಮಾರು 350 ಮೀಟರ್ ವೇಗದಲ್ಲಿ ಹೊರಡುತ್ತದೆ. ಕಿಟ್ಟಿನಲ್ಲೂ ಅದೇ 350. ನಿಜವಾದ 16 ಇಂಚಿನ ಬ್ಯಾರೆಲ್ ಇದ್ದರೆ ಮದ್ದು ಉರಿಯಲು, ಗುಂಡನ್ನು ತಳ್ಳಲು ಜಾಸ್ತಿ ಜಾಗ ಸಿಗುತ್ತದೆ. ವೇಗ 390ರ ಆಸುಪಾಸಿಗೆ ಏರುತ್ತದೆ. ನಿಜವಾದ ಕಾರ್ಬೈನಿನ ಲಾಭ ಅದು. ಕಿಟ್ ಕೊಡುವುದು ಕಾರ್ಬೈನಿನ ಆಕಾರ ಮತ್ತು ಹಿಡಿತ, ಅಷ್ಟೇ. ಮೊಂಟಾನಾದ ಮೆಕ್‌ಟೆಕ್ ಕಂಪನಿಯದು ಮಾತ್ರ ಬೇರೆ ತರಹ. ಅದು ಪಿಸ್ತೂಲಿನ ಕೆಳಭಾಗ ಉಳಿಸಿಕೊಂಡು ಮೇಲೆ ಉದ್ದ ಬ್ಯಾರೆಲ್ಲನ್ನೇ ಕೂರಿಸುತ್ತದೆ. ಬೆಲೆಯೂ ಜಾಸ್ತಿ, ಭಾರವೂ ಜಾಸ್ತಿ.

ನಾನು ನನ್ನ ಕಿಟ್ಟಿಗೆ 300 ಡಾಲರ್ ಹತ್ತಿರ ಕೊಟ್ಟೆ. ಅದಕ್ಕೆ ರೆಡ್ ಡಾಟ್ ಇಲ್ಲದೆ ಉಪಯೋಗವಿಲ್ಲ, ಅದಕ್ಕೆ ಇನ್ನೊಂದು 150. ಅಲ್ಲಿಗೆ 450 ಆಯಿತು. ಅಷ್ಟು ದುಡ್ಡಿಗೆ ಸ್ವಲ್ಪ ಸೇರಿಸಿದರೆ ಕೆಲ್‌ಟೆಕ್ ಸಬ್ 2000 ಸಿಗುತ್ತದೆ. 16 ಇಂಚಿನ ಬ್ಯಾರೆಲ್, ಮಧ್ಯಕ್ಕೆ ಮಡಚಬಹುದು, ಗ್ಲಾಕ್‌ನ ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ಹಾಕುವ ಮಾದರಿಯೂ ಇದೆ. ಇನ್ನೂ ಸ್ವಲ್ಪ ಕೂಡಿಟ್ಟರೆ ರೂಗರ್ ಪಿಸಿ ಕಾರ್ಬೈನ್, ಅದಕ್ಕೂ ಗ್ಲಾಕ್ ಮ್ಯಾಗಜಿನ್ ಹಾಕಬಹುದು. ಆಗ ಪಿಸ್ತೂಲ್ ಪಿಸ್ತೂಲಾಗಿಯೇ ಇರುತ್ತದೆ, ಕಾರ್ಬೈನ್ ಬೇರೆ ಇರುತ್ತದೆ. ಕಿಟ್ಟಿನಲ್ಲಿ ಒಂದನ್ನು ಕಟ್ಟಿಹಾಕಿ ಇನ್ನೊಂದನ್ನು ಮಾಡಬೇಕು. ನನಗೆ ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಆ ದುಡ್ಡು ಉಳಿಯುತ್ತಿತ್ತು.

ಸುರಕ್ಷತೆಯ ಮಾತು ಒಂದಿದೆ. ಚಿಪ್ಪು ಗಿಡ್ಡವಾಗಿರುವುದರಿಂದ ಮುಂದಿನ ಕೈ ಬ್ಯಾರೆಲ್ಲಿನ ಬಾಯಿಗೆ ತೀರಾ ಹತ್ತಿರ ಬರುತ್ತದೆ. ಎರಡನೇ ವಾರ ನನ್ನ ಎಡಗೈ ಹೆಬ್ಬೆರಳು ಮೇಲಕ್ಕೆ, ಮುಂದಕ್ಕೆ ಸರಿದಿತ್ತು. ನನಗೆ ಗೊತ್ತೇ ಆಗಲಿಲ್ಲ. ರೇಂಜಿನಲ್ಲಿದ್ದ ಹಿರಿಯರೊಬ್ಬರು ‘ನಿಲ್ಲಿಸು’ ಅಂತ ಕೂಗಿದರು. ಟ್ರಿಗರ್ ಮೇಲಿಂದ ಬೆರಳು ತೆಗೆದು ನೋಡಿದರೆ ಹೆಬ್ಬೆರಳು ಎಲ್ಲಿತ್ತು ಅಂತ ಕಾಣಿಸಿತು. ಆವತ್ತು ಮನೆಗೆ ಹೋಗಿ ಊಟ ಸೇರಲಿಲ್ಲ. ಅಣ್ಣ ಕೊಂಡೇ ಕೊಳ್ಳುತ್ತಾರೆ ಅಂದರೆ ಮುಂದೆ ಕೈ ತಡೆಯುವ ಅಡ್ಡ ತುಂಡು ಇರುವುದನ್ನೇ ಕೊಳ್ಳಲಿ.

ಅಮೆರಿಕದ ಕಾನೂನು ಕೂಡ ನೇರ ದಾರಿಯಲ್ಲ. 1934ರ ರಾಷ್ಟ್ರೀಯ ಬಂದೂಕು ಕಾಯ್ದೆ ಪ್ರಕಾರ ಭುಜಕ್ಕೆ ಒರಗಿಸುವ ಸ್ಟಾಕ್ ಇದ್ದು, ಬ್ಯಾರೆಲ್ 16 ಇಂಚಿಗಿಂತ ಗಿಡ್ಡ ಇದ್ದರೆ ಅದು ‘ಗಿಡ್ಡ ಬ್ಯಾರೆಲ್ ರೈಫಲ್’. ಅದನ್ನು ಮೊದಲೇ ನೋಂದಾಯಿಸಿ ಒಪ್ಪಿಗೆ ಪಡೆಯಬೇಕು. 200 ಡಾಲರ್ ತೆರಿಗೆ ಇತ್ತು. 2026ರ ಜನವರಿಯಿಂದ ಆ ತೆರಿಗೆ ಸೊನ್ನೆ ಆಗಿದೆ, ಆದರೆ ನೋಂದಣಿ ಹೋಗಿಲ್ಲ. ಇದನ್ನು ತಪ್ಪಿಸಲು ಕಂಪನಿಗಳು ಸ್ಟಾಕ್ ಬದಲು ತೋಳಿಗೆ ಕಟ್ಟುವ ಬ್ರೇಸ್ ಕೊಡುತ್ತಿದ್ದವು. ನಾನು ಕೊಂಡಿದ್ದೂ ಅದನ್ನೇ. 2023ರ ಜನವರಿಯಲ್ಲಿ ಸರ್ಕಾರ ಹೊಸ ನಿಯಮ ತಂದು, ಬ್ರೇಸ್ ಹಾಕಿದ ಬಹಳಷ್ಟು ಪಿಸ್ತೂಲುಗಳನ್ನೂ ಗಿಡ್ಡ ರೈಫಲ್ ಲೆಕ್ಕಕ್ಕೆ ಸೇರಿಸಿತು. ನಾನು ಬ್ರೇಸ್ ಬಿಚ್ಚಿ ತೆಗೆದೆ. ಬ್ರೇಸ್ ಇಲ್ಲದ ಕಿಟ್ ಬರೀ ಭಾರ. ಒಂದು ವರ್ಷಕ್ಕಿಂತ ಜಾಸ್ತಿ ಅದು ಡಬ್ಬದಲ್ಲೇ ಇತ್ತು. 2024ರ ಜೂನ್‌ನಲ್ಲಿ ಟೆಕ್ಸಾಸ್‌ನ ಫೆಡರಲ್ ಕೋರ್ಟ್ ಆ ನಿಯಮವನ್ನು ರದ್ದು ಮಾಡಿತು. ಅಷ್ಟೊತ್ತಿಗೆ ನಾನು ಹೊರಡುವ ತಯಾರಿಯಲ್ಲಿದ್ದೆ. ಇನ್ನೊಂದು ವಿಷಯ: ಪಿಸ್ತೂಲಿನ ಮುಂದೆ ನೇರ ಕೆಳಗಿಳಿಯುವ ಹಿಡಿ ಹಾಕಿದರೂ ಅದು ನೋಂದಣಿ ಬೇಕಾದ ಬೇರೊಂದು ವರ್ಗಕ್ಕೆ ಹೋಗಿಬಿಡುತ್ತದೆ. ಎರಡು ಸ್ಕ್ರೂ ಬಿಗಿದರೆ ಸಾಕು, ಅಪರಾಧ. ಸುಮ್ನೆ ಕೊಂಡು ಜೋಡಿಸುವ ವಸ್ತು ಇದಲ್ಲ.

ಅಣ್ಣ ಎಚ್-1ಬಿ ವೀಸಾದಲ್ಲಿದ್ದಾರಾ? ನೀವು ಅದನ್ನು ಬರೆದಿಲ್ಲ. ನಮ್ಮ ಕಡೆಯ ಹುಡುಗರಲ್ಲಿ ಬಹಳ ಜನರಿಗೆ ಇದು ಗೊತ್ತಿಲ್ಲ. ಎಚ್-1ಬಿಯಂಥ ತಾತ್ಕಾಲಿಕ ವೀಸಾದವರು ಸಾಮಾನ್ಯವಾಗಿ ಅಲ್ಲಿ ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ನಾನು ಮೊದಲ ವರ್ಷಗಳಲ್ಲಿ ಟೆಕ್ಸಾಸ್ ಬೇಟೆ ಲೈಸೆನ್ಸ್ ತೆಗೆದುಕೊಂಡೇ ರೇಂಜಿಗೆ ಹೋಗುತ್ತಿದ್ದೆ, ಪ್ರತಿ ವರ್ಷ ನವೀಕರಿಸುತ್ತಿದ್ದೆ. ಒಂದು ವರ್ಷ ಮರೆತರೂ ವೀಸಾ, ಕೆಲಸ ಎರಡೂ ಹೋಗಬಹುದು. ಅಣ್ಣನಿಗೆ ಇದನ್ನು ದಯವಿಟ್ಟು ಹೇಳಿ.

ಈಗ ನಿಮ್ಮ ವಿಷಯಕ್ಕೆ ಬರೋಣ.

ಮೊದಲನೆಯದಾಗಿ, ಆ ಕಿಟ್ ನಿಮ್ಮ ತಂದೆಯವರ ಪಿಸ್ತೂಲಿಗೆ ಕೂರುವುದೇ ಇಲ್ಲ. ಗ್ಲಾಕ್‌ಗೆ ಮಾಡಿದ ಅಚ್ಚು ಗ್ಲಾಕ್‌ಗೆ ಮಾತ್ರ. ಬೇರೆ ಪಿಸ್ತೂಲಿಗೆ ಬೇರೆ ಅಚ್ಚು ಬೇಕು. ಗ್ಲಾಕ್ ಅನ್ನೇ ಇಲ್ಲಿ ಇಟ್ಟುಕೊಳ್ಳೋಣ ಅಂದರೆ 9 ಎಂಎಂ ನಮ್ಮಲ್ಲಿ ಸಾಮಾನ್ಯರಿಗೆ ನಿಷೇಧಿತ ಬೋರ್ (ಬ್ಯಾರೆಲ್ ಒಳಗಿನ ಅಗಲ). ಅದಕ್ಕೇ ನಮ್ಮವರ ಕೈಯಲ್ಲಿ .32 ಕಾಣುವುದು.

ಎರಡನೆಯದು ಇದಕ್ಕಿಂತ ದೊಡ್ಡದು. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಆಯುಧದ ಭಾಗ ಕೂಡ ಆಯುಧವೇ. ಲೈಸೆನ್ಸ್ ಇಲ್ಲದೆ ಹೊರದೇಶದಿಂದ ತರುವುದು ಒಂದು ತಪ್ಪು. ಇರುವ ಬಂದೂಕನ್ನು ಬೇರೆ ರೂಪಕ್ಕೆ ಪರಿವರ್ತಿಸುವುದು ಇನ್ನೊಂದು ತಪ್ಪು, 5ನೇ ಕಲಮು ಅದನ್ನು ಹೆಸರಿಟ್ಟೇ ಹೇಳುತ್ತದೆ. 2019ರ ತಿದ್ದುಪಡಿ ಆದ ಮೇಲೆ 5ನೇ ಕಲಮು ಮೀರಿದವರಿಗೆ ಕನಿಷ್ಠ 7 ವರ್ಷ, ಜೀವಾವಧಿವರೆಗೂ ಹೋಗಬಹುದು. ಇಷ್ಟಲ್ಲದೆ, ಪಿಸ್ತೂಲು, ರಿವಾಲ್ವರ್ ಬಿಟ್ಟರೆ ಉಳಿದ ಸೆಮಿ ಆಟೊಮ್ಯಾಟಿಕ್ (ಒಂದು ಸಲ ಟ್ರಿಗರ್ ಎಳೆದರೆ ಒಂದು ಗುಂಡು ಹಾರಿ, ಮುಂದಿನದು ತಾನೇ ತುಂಬಿಕೊಳ್ಳುವ) ಬಂದೂಕುಗಳನ್ನು ನಮ್ಮ ನಿಯಮಗಳು ಸಾಮಾನ್ಯರ ಕೈಗೆ ಸಿಗದ ವರ್ಗದಲ್ಲಿ ಇಟ್ಟಿವೆ. ತಂದೆಯವರ ಲೈಸೆನ್ಸ್ ಪುಸ್ತಕ ತೆಗೆದು ನೋಡಿ. ಪಿಸ್ತೂಲ್ ಅಂತ ಇದೆ, ಬೋರ್ ಇದೆ, ನಂಬರ್ ಇದೆ. ಚುನಾವಣೆ ಬಂದಾಗ ಸ್ಟೇಷನ್ನಿಗೆ ಒಪ್ಪಿಸಲು ಹೋಗುತ್ತೀರಲ್ವಾ, ಆಗ ಆ ಪುಸ್ತಕಕ್ಕೂ ಕೈಯಲ್ಲಿರುವ ವಸ್ತುವಿಗೂ ತಾಳೆ ಆಗಬೇಕು. ‘ಬರೀ ಪ್ಲಾಸ್ಟಿಕ್ ಸಾರ್’ ಅಂತ ವಾದ ಮಾಡಲು ಬೆಂಗಳೂರಿನ ಏರ್‌ಪೋರ್ಟ್ ಕಸ್ಟಮ್ಸ್ ಕೌಂಟರ್ ಸರಿಯಾದ ಜಾಗವಲ್ಲ. ಅಣ್ಣ ವರ್ಷಕ್ಕೊಮ್ಮೆ ಊರಿಗೆ ಬರುವವರು. ಆ ಹದಿನೈದು ದಿನ ಹಾಳಾಗಬಾರದು.

ಮೂರನೆಯದು ಹಂದಿ, ಕರಡಿ. ನಿಮಗೆ ನಿಜವಾಗಿ ತಲೆನೋವಾಗಿರುವುದು ಇದೇ, ಕಿಟ್ ಅಲ್ಲ. .32 ಗುಂಡಿನ ತೂಕ 71 ಗ್ರೇನ್. ಅದರ ಶಕ್ತಿ ಸುಮಾರು 175 ಜೂಲ್, .22 ರೈಫಲ್‌ನ ಹತ್ತಿರ ಹತ್ತಿರ. 9 ಎಂಎಂನ ಅರ್ಧವೂ ಇಲ್ಲ. ಗಂಡು ಕರಡಿ 100 ಕೆಜಿ ದಾಟುತ್ತದೆ, ಮೈತುಂಬ ದಪ್ಪ ಕೂದಲು. ಅದಕ್ಕೆ ಈ ಗುಂಡು ತಗುಲಿದರೆ ಸಾಮಾನ್ಯವಾಗಿ ಅಲ್ಲೇ ಸಾಯುವುದಿಲ್ಲ, ಕೆರಳುತ್ತದೆ. ಗಾಯಗೊಂಡ ಕರಡಿ ನಿಮ್ಮ ಮೇಲೆ ಬರಬಹುದು. ಇಲ್ಲವಾದರೆ ಬೆಳಿಗ್ಗೆ ಆ ದಾರಿಯಲ್ಲಿ ಸೌದೆಗೆ ಹೋದ ಯಾರದೋ ತಾಯಿಯ ಮೇಲೆ. ಹಿಡಿತ ಎಷ್ಟೇ ಗಟ್ಟಿಯಾದರೂ ಗುಂಡು ಅದೇ ಅಂತ ಮೇಲೆ ಹೇಳಿದೆನಲ್ಲ, ಅದು ಇಲ್ಲಿ ಪ್ರಾಣದ ಪ್ರಶ್ನೆ. ಮೇಲಾಗಿ ಕರಡಿ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಅದು ಮೈಮೇಲೆ ಬಂದಾಗ ಜೀವ ಉಳಿಸಿಕೊಳ್ಳಲು ಮಾಡಿದ್ದು ಬೇರೆ. ಬೆಳೆ ಕಾಯಲು ಹೊಡೆದದ್ದು ಬೇರೆ. ಹಂದಿಯನ್ನೂ ನಿಮ್ಮಷ್ಟಕ್ಕೆ ನೀವೇ ಹೊಡೆಯುವ ಹಾಗಿಲ್ಲ.

ನಮ್ಮ ಚಿಕ್ಕಪ್ಪನ ಹೊಲವೂ ಆ ಕಡೆಯೇ ಇದೆ, ಶೇಂಗಾ ಹೊಲ. ಅವರು ಮಾಡಿದ್ದು ಹೇಳುತ್ತೇನೆ. ಸುತ್ತ ಸೋಲಾರ್ ಬೇಲಿ, ಮುಟ್ಟಿದರೆ ಜುಮ್ ಅನ್ನುವ ಪಲ್ಸ್ ಬರುವಂಥದ್ದು. ಕರೆಂಟ್ ಲೈನಿನಿಂದ ನೇರವಾಗಿ ತಂತಿ ಎಳೆಯಲೇಬಾರದು, ಅದು ಮನುಷ್ಯರನ್ನೇ ಕೊಲ್ಲುತ್ತದೆ. ಎರಡು ನಾಯಿ ಸಾಕಿದ್ದಾರೆ. ಕಾಯಿ ಬಲಿಯುವ ತಿಂಗಳು ಒಬ್ಬರೇ ಹೊಲಕ್ಕೆ ಹೋಗುವುದಿಲ್ಲ, ಮಾತಾಡಿಕೊಂಡು, ಸದ್ದು ಮಾಡಿಕೊಂಡೇ ಹೋಗುತ್ತಾರೆ. ಕರಡಿ ಬಹಳ ಸಲ ಮೈಮೇಲೆ ಬೀಳುವುದು ಹತ್ತಿರದಲ್ಲಿ ದಿಢೀರ್ ಎದುರಾದಾಗ. ಬೆಳೆ ಹಾಳಾದ ಬೆಳಿಗ್ಗೆಯೇ ಹೆಜ್ಜೆ ಗುರುತು ಸಮೇತ ಫೋಟೋ ತೆಗೆದು, ಪಹಣಿ ಇಟ್ಟು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡುತ್ತಾರೆ. ಬಂದ ದುಡ್ಡು ನಷ್ಟಕ್ಕೆ ಸಮ ಆಗಲ್ಲ, ಅದು ನನಗೂ ಬೇಜಾರು. ಆದರೂ ಅರ್ಜಿ ಬಿಡಬೇಡಿ. ಅಣ್ಣ ಏನಾದರೂ ತರಲೇಬೇಕು ಅಂದರೆ ತಲೆಗೆ ಕಟ್ಟುವ ಒಳ್ಳೆ ಲೈಟ್ ಎರಡು ತರಲಿ, ಒಂದು ನಿಮಗೆ, ಒಂದು ತಂದೆಯವರಿಗೆ.

ಕೊನೆಗೆ, ನೀವು ಕೇಳದೇ ಇದ್ದ ಒಂದು ವಿಷಯ. ನಿಮ್ಮ ತಾಲ್ಲೂಕಿನಲ್ಲೇ ರಂಗಯ್ಯನದುರ್ಗ ಕೊಂಡುಕುರಿ ವನ್ಯಧಾಮ ಇದೆ, 2011ರಲ್ಲಿ ಘೋಷಣೆ ಆಗಿದ್ದು. ವನ್ಯಧಾಮದಿಂದ 10 ಕಿಲೋಮೀಟರ್ ಒಳಗೆ ವಾಸವಿದ್ದು ಬಂದೂಕಿನ ಲೈಸೆನ್ಸ್ ಇರುವವರು ಅದನ್ನು ಅರಣ್ಯ ಇಲಾಖೆಯಲ್ಲೂ ನೋಂದಾಯಿಸಬೇಕು ಅಂತ ವನ್ಯಜೀವಿ ಕಾಯ್ದೆಯ 34ನೇ ಕಲಮು ಹೇಳುತ್ತದೆ. ಬಹಳ ಮನೆಗಳಲ್ಲಿ ಈ ಕಾಗದ ಇರುವುದಿಲ್ಲ. ನಿಮ್ಮ ಊರು ಆ 10 ಕಿಲೋಮೀಟರ್ ಒಳಗೆ ಬರುತ್ತದಾ ನೋಡಿ. ಬಂದರೆ ತಂದೆಯವರು ಈ ನೋಂದಣಿ ಮಾಡಿಸಿದ್ದಾರಾ ಅಂತ ಇವತ್ತೇ ಕೇಳಿ. ಮಾಡಿಸಿಲ್ಲ ಅಂದರೆ ಲೈಸೆನ್ಸ್ ಪುಸ್ತಕದ ಜೆರಾಕ್ಸ್ ತೆಗೆದುಕೊಂಡು ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ ವಿಚಾರಿಸಿ.